ಬೇಲಿಯ ನಡುವಿನ ಸರ್ಕಾರಿ ಬಯಲು

ಅಮೆರಿಕದ ಸರ್ಕಾರಿ ಜಮೀನಿನಲ್ಲಿ ಬೇಟೆಗೆ ಇರುವ ಪ್ರವೇಶದ ನಿಯಮಗಳ ಕುರಿತು ಕಳೆದ ತಿಂಗಳು ಈ ಅಂಕಣದಲ್ಲಿ ಒಂದು ಪುಟ್ಟ ಉತ್ತರ ಪ್ರಕಟವಾಗಿತ್ತು. ಅದಕ್ಕೆ ನಿರೀಕ್ಷೆ ಮೀರಿ ಪತ್ರಗಳು ಬಂದಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಓದುಗರ ಹೆಸರುಗಳನ್ನು ಬಿಟ್ಟು ಊರುಗಳನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಾನು ಧಾರವಾಡದವನು, ಈಗ ಕೊಲರಾಡೊ ರಾಜ್ಯದ ಡೆನ್ವರ್‌ನಲ್ಲಿ ನೆಲೆಸಿದ್ದೇನೆ. 2025ರ ಬೇಸಿಗೆಯಲ್ಲಿ ಸರ್ಕಾರಿ ಜಮೀನಿನ ಮಾರಾಟದ ಪ್ರಸ್ತಾಪ ಬಂದಾಗ, ಪ್ರತಿ ವರ್ಷ ಬೇಟೆಗೆ ಹೋಗುವ ನಮ್ಮ ನೆರೆಮನೆಯವರೂ ಬೇಟೆಯೆಂದರೆ ಮುಖ ಸಿಂಡರಿಸುವ ಸಹೋದ್ಯೋಗಿಯೂ ಒಂದೇ ದನಿಯಲ್ಲಿ ವಿರೋಧಿಸಿದರು. ಇವರಿಬ್ಬರೂ ಒಂದಾಗಲು ಕಾರಣವೇನು? — ಡೆನ್ವರ್‌ನ ಓದುಗರು

ಉತ್ತರ: ನಮ್ಮ ಕಡೆ ಸರ್ಕಾರಿ ಜಮೀನು ಎಂದ ಕೂಡಲೇ ಜನರ ಕಣ್ಣಿಗೆ ಬರುವುದು ಒತ್ತುವರಿಯಾದ ಗೋಮಾಳ, ಇಲ್ಲವೇ ಅರಣ್ಯ ಇಲಾಖೆ ಕಂದಕ ತೋಡಿ ಬೇರ್ಪಡಿಸಿದ ಕಾಡು, ಎರಡನೆಯದಕ್ಕೆ ಕಾಲಿಟ್ಟವರು ಗಾರ್ಡಿಗೆ ಉತ್ತರ ಹೇಳಬೇಕು. ಅಮೆರಿಕದ ಪಶ್ಚಿಮ ರಾಜ್ಯಗಳ ಜನರಿಗೆ ಆ ಮಾತು ಬೇರೆಯದೇ ಅರ್ಥ ಕೊಡುತ್ತದೆ. ಅಲ್ಲಿನ ಕೇಂದ್ರ ಸರ್ಕಾರದ ಒಡೆತನದಲ್ಲಿ ಸುಮಾರು 64 ಕೋಟಿ ಎಕರೆ ಇದೆ, ಅಂದರೆ ದೇಶದ ನೆಲದ ಕಾಲುಭಾಗಕ್ಕಿಂತ ಹೆಚ್ಚು. ನೆವಾಡಾ ರಾಜ್ಯದಲ್ಲಂತೂ ಪ್ರತಿ 5 ಎಕರೆಗೆ 4 ಎಕರೆ ಕೇಂದ್ರದ್ದು. ಇದರಲ್ಲಿ ಸುಮಾರು 24.5 ಕೋಟಿ ಎಕರೆ ಭೂ ನಿರ್ವಹಣಾ ಬ್ಯೂರೋದ ಕೈಯಲ್ಲಿದ್ದರೆ, ಸುಮಾರು 19.3 ಕೋಟಿ ಎಕರೆ ಅರಣ್ಯ ಸೇವೆಯ ಕೈಯಲ್ಲಿದೆ. ರಾಷ್ಟ್ರೀಯ ಉದ್ಯಾನಗಳಲ್ಲಿ ಬಹುಮಟ್ಟಿಗೆ ಬೇಟೆ ನಿಷಿದ್ಧ. ಆದರೆ ಈ ಎರಡು ಸಂಸ್ಥೆಗಳ ಜಮೀನು ಬೇಟೆಗಾರನಿಗೂ ಚಾರಣಿಗನಿಗೂ ಡೇರೆ ಹಾಕಿ ಮಲಗುವವನಿಗೂ ಸಮಾನವಾಗಿ ತೆರೆದಿದೆ. 2019ರ ಡಿಂಗೆಲ್ ಕಾಯ್ದೆಯು ಈ ರೂಢಿಯನ್ನೇ ಶಾಸನವಾಗಿ ಬರೆಯಿತು: ಮುಚ್ಚಲಾಗಿದೆ ಎಂದು ಪ್ರಕಟಿಸದ ಹೊರತು ಆ ಜಮೀನು ಬೇಟೆಗೆ ತೆರೆದೇ ಇರುತ್ತದೆ, ಮತ್ತು ಮುಚ್ಚುವ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳಬೇಕು.

ಇಲ್ಲಿ ಒಂದು ಒಡಕನ್ನು ಗಮನಿಸಬೇಕು. ನೆಲ ಕೇಂದ್ರದ್ದಾದರೂ ಅದರ ಮೇಲೆ ಮೇಯುವ ಜಿಂಕೆ, ಎಲ್ಕ್‌ಗಳ ನಿರ್ವಹಣೆ ಆಯಾ ರಾಜ್ಯದ್ದು. ಎಷ್ಟು ಪ್ರಾಣಿಗಳನ್ನು, ಯಾವ ವಾರಗಳಲ್ಲಿ, ಎಷ್ಟು ಶುಲ್ಕಕ್ಕೆ ಹೊಡೆಯಬಹುದು ಎಂಬುದನ್ನು ತೀರ್ಮಾನಿಸುವುದು ರಾಜ್ಯದ ವನ್ಯಜೀವಿ ಇಲಾಖೆ. ಆ ಜಾಗಕ್ಕೆ ಹೋಗಬಹುದೇ ಎಂಬುದನ್ನು ತೀರ್ಮಾನಿಸುವುದು ಕೇಂದ್ರ. ಕೈಯಲ್ಲಿ ಪರವಾನಗಿ ಇದ್ದೂ ಹೋಗಲು ಜಾಗವಿಲ್ಲದ ಸ್ಥಿತಿ ಬರಬಹುದು. ಅಲ್ಲಿನ ಬೇಟೆಗಾರರ ಆತಂಕಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಒಡಕಿನಲ್ಲೇ.

ನೀವು ಹೇಳಿದ ಪ್ರಸ್ತಾಪ ಯೂಟಾ ರಾಜ್ಯದ ಸೆನೆಟರ್ ಮೈಕ್ ಲೀ ಅವರದು. 11 ಪಶ್ಚಿಮ ರಾಜ್ಯಗಳಲ್ಲಿ ಮೇಲಿನ ಎರಡೂ ಸಂಸ್ಥೆಗಳ ಜಮೀನಿನಲ್ಲಿ ಶೇಕಡಾ 0.5ರಿಂದ 0.75ರಷ್ಟನ್ನು, ಅಂದರೆ ಇಪ್ಪತ್ತರಿಂದ ಮೂವತ್ತು ಲಕ್ಷ ಎಕರೆಯನ್ನು ಮನೆ ಕಟ್ಟುವ ಉದ್ದೇಶಕ್ಕೆಂದು ಮಾರಲೇಬೇಕು ಎಂಬುದು ಅದರ ತಿರುಳು. ಶೇಕಡಾವಾರು ಲೆಕ್ಕದಲ್ಲಿ ಅಲ್ಪವೆನಿಸಿದರೂ, ಊರಿಗೆ ಹತ್ತಿರವಿದ್ದು ರಸ್ತೆ ಇರುವ ತುಂಡುಗಳೇ ಮೊದಲು ಬಿಕರಿಯಾಗುತ್ತವೆ ಎಂಬುದನ್ನು ಊಹಿಸಲು ಕಷ್ಟಪಡಬೇಕಾಗಿಲ್ಲ. ವಾರಾಂತ್ಯದಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಬೇಟೆಗೋ ಚಾರಣಕ್ಕೋ ಹೋಗುವ ಸಾಮಾನ್ಯ ಕುಟುಂಬಕ್ಕೆ ದಕ್ಕುವುದೂ ಅದೇ ತುಂಡುಗಳು. ಲೀ ತಮ್ಮ ಪ್ರಸ್ತಾಪವನ್ನು 2025ರ ಜೂನ್ 28ರಂದು ಹಿಂತೆಗೆದುಕೊಂಡರು. ನಿಮ್ಮ ನೆರೆಮನೆಯವರಿಗೂ ಸಹೋದ್ಯೋಗಿಗೂ ಜಿಂಕೆಯ ವಿಷಯದಲ್ಲಿ ಒಮ್ಮತ ಮೂಡಿದೆ ಎಂದು ಭಾವಿಸಬೇಡಿ. ಮಾರಿದ ಜಮೀನು ಇಬ್ಬರಿಗೂ ಮತ್ತೆ ಸಿಗದು ಎಂಬಷ್ಟರಲ್ಲಿ ಮಾತ್ರ ಅವರು ಜೊತೆಯಾಗಿದ್ದರು.

ಪ್ರಶ್ನೆ: ನಾನು ನಿವೃತ್ತ ಭೂಮಾಪಕ, 33 ಅಡಿಯ ಸರಪಳಿ ಎಳೆದೇ ಕೂದಲು ನರೆಸಿದವನು. ಅಮೆರಿಕದಲ್ಲಿ ನಾಲ್ಕು ಹಿಡುವಳಿಗಳು ಕೂಡುವ ಮೂಲೆಯನ್ನು ಏಣಿಯಿಂದ ದಾಟಿದ ಬೇಟೆಗಾರರ ಮೇಲೆ ಅತಿಕ್ರಮ ಪ್ರವೇಶದ ಮೊಕದ್ದಮೆ ಹೂಡಲಾಯಿತೆಂದು ಓದಿದೆ. ಬಿಂದುವಿಗೆ ಅಗಲವೇ ಇಲ್ಲ ಎಂದು ನಮಗೆ ಕಲಿಸಿದ್ದರು. ಅಗಲವಿಲ್ಲದ ಜಾಗದಲ್ಲಿ ಅತಿಕ್ರಮಣ ಹೇಗೆ ಸಾಧ್ಯ? — ಶಿವಮೊಗ್ಗದ ಓದುಗರು

ಉತ್ತರ: ಈ ಪ್ರಶ್ನೆಗೆ ಉತ್ತರ ಹೇಳಲು ಅಲ್ಲಿನ ನ್ಯಾಯಾಲಯಗಳಿಗೆ ನೂರಾರು ಪುಟಗಳು ಬೇಕಾದವು. ನಿಮ್ಮ ವೃತ್ತಿಯವರಿಗೆ ಉತ್ತರದ ಅರ್ಧ ಭಾಗ ನಕ್ಷೆಯಲ್ಲೇ ಕಾಣುತ್ತದೆ.

ಅಮೆರಿಕದ ಪಶ್ಚಿಮ ಭಾಗದ ಭೂಮಾಪನ 66 ಅಡಿಯ ಸರಪಳಿಯಲ್ಲಿ ನಡೆಯಿತು. 80 ಸರಪಳಿಗೆ ಒಂದು ಮೈಲಿ. ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ ಚೌಕಕ್ಕೆ ಸೆಕ್ಷನ್ ಎಂದು ಹೆಸರು, ಅದರ ವಿಸ್ತೀರ್ಣ 640 ಎಕರೆ. ಖಂಡದ ಉದ್ದಕ್ಕೂ ರೈಲು ಹಾಕಿಸಲು ಹೊರಟ ಸರ್ಕಾರದ ಬಳಿ ಹಣ ಕಡಿಮೆ, ಜಮೀನು ಧಾರಾಳ. ಆದ್ದರಿಂದ 1862ರ ಪೆಸಿಫಿಕ್ ರೈಲ್ವೆ ಕಾಯ್ದೆಯ ಮೂಲಕ, ಮತ್ತು 1864ರಲ್ಲಿ ಅದನ್ನು ಇಮ್ಮಡಿಗೊಳಿಸಿ, ಹಳಿಯ ಎರಡೂ ಬದಿ 20 ಮೈಲಿಯವರೆಗೆ ಬೆಸ ಸಂಖ್ಯೆಯ ಸೆಕ್ಷನ್‌ಗಳನ್ನು ರೈಲು ಕಂಪನಿಗೆ ಕೊಟ್ಟು ಸಮ ಸಂಖ್ಯೆಯವನ್ನು ತಾನು ಇಟ್ಟುಕೊಂಡಿತು. ಹೀಗಾಗಿ ವಯೋಮಿಂಗ್ ರಾಜ್ಯದ ದಕ್ಷಿಣ ಭಾಗದ ನಕ್ಷೆ ಇಂದಿಗೂ ಚದುರಂಗದ ಹಾಸಿನಂತಿದೆ. ಕಪ್ಪು ಮನೆಗಳು ಖಾಸಗಿಯವು, ಬಿಳಿ ಮನೆಗಳು ಸರ್ಕಾರದವು ಎಂದಿಟ್ಟುಕೊಳ್ಳಿ. ಆಟದಲ್ಲಿ ಒಂಟೆಯ ಕಾಯಿ ಬಿಳಿಯಿಂದ ಬಿಳಿಗೆ ಓರೆಯಾಗಿ ಸಲೀಸಾಗಿ ಸಾಗುತ್ತದೆ. ಮನುಷ್ಯನಿಗೆ ದೇಹವಿದೆ, ಭುಜಕ್ಕೆ ಅಗಲವಿದೆ. ಪಾದ ಒಂದು ಬಿಳಿ ಮನೆಯಿಂದ ಮತ್ತೊಂದಕ್ಕೆ ನೇರವಾಗಿ ಇಳಿದರೂ ಅವನ ತೋಳು ಕ್ಷಣಕಾಲ ಕಪ್ಪು ಮನೆಗಳ ಮೇಲಿನ ಗಾಳಿಯಲ್ಲಿ ತೂಗಾಡುತ್ತದೆ. ಜಮೀನಿನ ಒಡೆತನ ಅದರ ಮೇಲಿನ ಗಾಳಿಗೂ ಸಲ್ಲುತ್ತದೆ ಎಂಬ ಹಳೆಯ ಕಾನೂನು ಸೂತ್ರವನ್ನು ಹಿಡಿದುಕೊಂಡೇ ಖಾಸಗಿ ಒಡೆಯರು ಮೂಲೆ ದಾಟುವುದನ್ನು ಅತಿಕ್ರಮಣವೆನ್ನುತ್ತ ಬಂದಿದ್ದರು.

ನೀವು ಓದಿದ ಪ್ರಕರಣ ನಡೆದದ್ದು ವಯೋಮಿಂಗ್‌ನ ಕಾರ್ಬನ್ ಕೌಂಟಿಯ ಎಲ್ಕ್ ಪರ್ವತದಲ್ಲಿ. ಮಿಸೌರಿ ರಾಜ್ಯದ ಬೇಟೆಗಾರರು ಸರ್ಕಾರಿ ರಸ್ತೆಯಿಂದ ಸರ್ಕಾರಿ ಚೌಕಕ್ಕೆ ಹೋಗಿ, ಮೂಲೆಯಲ್ಲಿ ಭೂಮಾಪಕರು ನೆಟ್ಟ ಗುರುತನ್ನು, ಅಂದರೆ ನಮ್ಮ ಬಾಂದುಕಲ್ಲಿಗೆ ಸಮನಾದುದನ್ನು, ಹುಡುಕಿಕೊಂಡರು. ಪಕ್ಕದ ಚೌಕಗಳ ಒಡೆಯರಾದ ಖಾಸಗಿ ಎಸ್ಟೇಟಿನವರು ಆ ಮೂಲೆಯಲ್ಲಿ ಎರಡು ಕಬ್ಬಿಣದ ಕಂಬ ನೆಟ್ಟು, ನಡುವೆ ಸರಪಳಿ ಬಿಗಿದು, ಪ್ರವೇಶವಿಲ್ಲ ಎಂಬ ಫಲಕ ತೂಗುಹಾಕಿದ್ದರು. ಸುತ್ತ ನೂರಾರು ಅಡಿಯವರೆಗೆ ಬೇಲಿಯೇ ಇಲ್ಲದ ಕಡೆ ಮೂಲೆಗೆ ಮಾತ್ರ ಬೀಗ! 2020ರಲ್ಲಿ ಬೇಟೆಗಾರರು ಕಂಬವನ್ನು ಹಿಡಿದು ಬಳುಕಿಕೊಂಡು ದಾಟಿದರು. 2021ರಲ್ಲಿ ನಾಲ್ವರು ಕಬ್ಬಿಣದ ಏಣಿಯೊಂದನ್ನು ಮಾಡಿಸಿಕೊಂಡು ಬಂದು, ಒಂದು ಸರ್ಕಾರಿ ಚೌಕದಲ್ಲಿ ಹತ್ತಿ ಎದುರಿನ ಸರ್ಕಾರಿ ಚೌಕದಲ್ಲಿ ಇಳಿದರು. ಖಾಸಗಿ ಮಣ್ಣಿಗೆ ಅವರ ಪಾದ ಸೋಕಲಿಲ್ಲ. ಕ್ರಿಮಿನಲ್ ಮೊಕದ್ದಮೆಯಲ್ಲಿ 2022ರ ಏಪ್ರಿಲ್‌ನಲ್ಲಿ ಜ್ಯೂರಿ ಅವರನ್ನು ನಿರ್ದೋಷಿಗಳೆಂದಿತು. ಅಷ್ಟರಲ್ಲಿ ಎಸ್ಟೇಟಿನ ಒಡೆತನದ ಕಂಪನಿ ಸಿವಿಲ್ ದಾವೆಯನ್ನೂ ಹೂಡಿತ್ತು. ಮೂಲೆ ದಾಟುವುದಕ್ಕೆ ಅವಕಾಶ ಸಿಕ್ಕರೆ ಎಸ್ಟೇಟಿನ ಬೆಲೆ ಕುಸಿಯುತ್ತದೆಂದು ಅದು ಮುಂದಿಟ್ಟ ನಷ್ಟದ ಲೆಕ್ಕ 70 ಲಕ್ಷ ಡಾಲರಿಗೂ ಮೀರಿತ್ತು. ಈ ಲೆಕ್ಕವನ್ನು ಓದುವಾಗ ಒಂದು ಪ್ರಶ್ನೆ ಮೂಡದೆ ಇರದು: ಕುಸಿಯುತ್ತದೆನ್ನಲಾದ ಆ ಬೆಲೆಯಲ್ಲಿ ಸ್ವಂತ ಜಮೀನಿನದೆಷ್ಟು, ಇನ್ನಾರೂ ತಲುಪಲಾಗದ ಸರ್ಕಾರಿ ಜಮೀನಿನದೆಷ್ಟು?

ಜಿಲ್ಲಾ ನ್ಯಾಯಾಲಯ 2023ರಲ್ಲಿ ಬೇಟೆಗಾರರ ಪರ ತೀರ್ಪಿತ್ತಿತು. ಹತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ 2025ರ ಮಾರ್ಚ್ 18ರಂದು ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲು ನಿರಾಕರಿಸಿತು. ನ್ಯಾಯಾಲಯ ನಿಮ್ಮ ಜ್ಯಾಮಿತಿಯನ್ನು ಒಪ್ಪಿತೆಂದು ಮಾತ್ರ ತಿಳಿಯಬೇಡಿ. ರಾಜ್ಯದ ಸಾಮಾನ್ಯ ಕಾನೂನಿನಂತೆ ಗಾಳಿಯ ಅತಿಕ್ರಮಣವೂ ಅತಿಕ್ರಮಣವೇ ಆಗುತ್ತಿತ್ತು. ಆದರೆ ದೊಡ್ಡ ದನಗಾಹಿಗಳು ಸರ್ಕಾರಿ ಹುಲ್ಲುಗಾವಲಿಗೆ ಬೇಲಿ ಸುತ್ತಿ ಸಣ್ಣವರನ್ನು ಹೊರಗಿಡುತ್ತಿದ್ದ ಕಾಲದಲ್ಲಿ, 1885ರಲ್ಲಿ, ಸಂಸತ್ತು ಅಕ್ರಮ ಆವರಣಗಳ ವಿರುದ್ಧ ಒಂದು ಕಾಯ್ದೆ ಮಾಡಿತ್ತು. ಸ್ವಂತ ಜಮೀನಿನಲ್ಲೇ ನೆಟ್ಟ ಬೇಲಿಯಾದರೂ ಅದು ಸರ್ಕಾರಿ ಜಮೀನನ್ನು ಒಳಹಾಕಿಕೊಂಡರೆ ಕಿತ್ತುಹಾಕಿಸಬಹುದು ಎಂದು ಸುಪ್ರೀಂ ಕೋರ್ಟ್ 1897ರಲ್ಲೇ ಹೇಳಿತ್ತು. ಚಳಿಗಾಲದ ಮೇವಿಗೆ ಹೊರಟ, ಜಿಂಕೆಯನ್ನು ಹೋಲುವ ಪ್ರಾಂಗ್‌ಹಾರ್ನ್‌ಗಳನ್ನು ತಡೆದ ಬೇಲಿಯೊಂದನ್ನು ಅದೇ ಕಾಯ್ದೆಯಡಿ ತೆಗೆಸಿದ 1988ರ ತೀರ್ಪು ಕೂಡ ವಯೋಮಿಂಗ್‌ನದೇ. ದನಕ್ಕೂ ಪ್ರಾಂಗ್‌ಹಾರ್ನ್‌ಗೂ ಸಿಕ್ಕ ದಾರಿ ಕೋವಿ ಹೊತ್ತ ಮನುಷ್ಯನಿಗೂ ಸಲ್ಲುತ್ತದೆ ಎಂಬಲ್ಲಿಗೆ ಈಗಿನ ತೀರ್ಪು ಬಂದು ನಿಂತಿದೆ.

ತೀರ್ಪಿನ ಮಿತಿಯನ್ನೂ ತಿಳಿದಿರಬೇಕು. ವಯೋಮಿಂಗ್, ಕೊಲರಾಡೊ, ಯೂಟಾ, ನ್ಯೂ ಮೆಕ್ಸಿಕೊ, ಕಾನ್ಸಸ್, ಓಕ್ಲಹೋಮಾ ರಾಜ್ಯಗಳು ಮಾತ್ರ ಆ ವಲಯದಲ್ಲಿವೆ. ಮೂಲೆಯಲ್ಲಿ ಸಿಕ್ಕಿಬಿದ್ದ ಜಮೀನು ಹೇರಳವಾಗಿರುವ ಮೊಂಟಾನಾ ಅದರ ವ್ಯಾಪ್ತಿಗೆ ಬರುವುದಿಲ್ಲ. ನಕ್ಷೆಯ ಆ್ಯಪ್ ತಯಾರಿಸುವ ಆನ್‌ಎಕ್ಸ್ ಕಂಪನಿ 2022ರಲ್ಲಿ ಹಾಕಿದ ಅಂದಾಜಿನಂತೆ ಪಶ್ಚಿಮದಲ್ಲಿ 83 ಲಕ್ಷ ಎಕರೆ ಸಾರ್ವಜನಿಕ ಜಮೀನು ಹೀಗೆ ಮೂಲೆಗಳ ಹಿಂದೆ ಸಿಲುಕಿದೆ. ಅಲ್ಲದೆ, ಮೂಲೆ ದಾಟಲು ಬಿಡುವುದು ಬೇರೆ, ರಸ್ತೆ ಕೊಡುವುದು ಬೇರೆ. ಅದೇ ಕಾರ್ಬನ್ ಕೌಂಟಿಯ ಸೆಮಿನೋ ಜಲಾಶಯಕ್ಕೆ ಖಾಸಗಿ ಚೌಕಗಳ ಮೂಲಕ ಸರ್ಕಾರ ರಸ್ತೆ ಮಾಡಹೊರಟಾಗ, 1862ರಲ್ಲಿ ಜಮೀನು ಕೊಡುವಾಗ ದಾರಿಯ ಹಕ್ಕನ್ನು ನೀವು ಉಳಿಸಿಕೊಂಡಿರಲಿಲ್ಲ ಎಂದು ಸುಪ್ರೀಂ ಕೋರ್ಟ್ 1979ರಲ್ಲಿ ಸರ್ಕಾರದ ಬಾಯಿ ಮುಚ್ಚಿಸಿತ್ತು. ನಮ್ಮ ಗ್ರಾಮನಕ್ಷೆಯಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಗುರುತಿಸಿಟ್ಟ ಹಿಂದಿನ ಭೂಮಾಪಕರ ಬೆಲೆ ಇಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಪ್ರಶ್ನೆ: ವನ್ಯಜೀವಿ ಆಶ್ರಯತಾಣಗಳನ್ನೇ ಬೇಟೆಗೆ ತೆರೆಯುತ್ತಾರಂತೆ. ಆಶ್ರಯ ಎಂಬ ಪದಕ್ಕೇ ಇದು ಅಪಚಾರವಲ್ಲವೇ? — ಮೈಸೂರಿನ ವಿದ್ಯಾರ್ಥಿನಿ

ಉತ್ತರ: ಪದದ ಮಟ್ಟಿಗೆ ನಿಮ್ಮ ಆಕ್ಷೇಪ ಸರಿ. 1903ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಫ್ಲಾರಿಡಾದ ಪೆಲಿಕನ್ ದ್ವೀಪವನ್ನು ಮೊದಲ ಆಶ್ರಯತಾಣವಾಗಿ ಘೋಷಿಸಿದ್ದು ಟೋಪಿಯ ಗರಿಗಾಗಿ ಹಕ್ಕಿ ಹೊಡೆಯುವವರನ್ನು ತಡೆಯಲೆಂದೇ. ಆದರೆ 1997ರ ಕಾಯ್ದೆಯು ಆಶ್ರಯತಾಣಗಳಲ್ಲಿ ಆದ್ಯತೆ ಪಡೆಯಬೇಕಾದ ಆರು ಉಪಯೋಗಗಳನ್ನು ಹೆಸರಿಸಿ, ಪಕ್ಷಿವೀಕ್ಷಣೆ, ಛಾಯಾಗ್ರಹಣಗಳ ಜೊತೆಗೇ ಬೇಟೆಯನ್ನೂ ಮೀನುಗಾರಿಕೆಯನ್ನೂ ಸೇರಿಸಿತು. ಇಲ್ಲಿ ನಿಯಮ ಮೊದಲ ಉತ್ತರದಲ್ಲಿ ಹೇಳಿದ್ದಕ್ಕೆ ವಿರುದ್ಧವಾದುದು: ತೆರೆಯಲಾಗಿದೆ ಎಂದು ಪ್ರಕಟಿಸುವವರೆಗೆ ಬಾಗಿಲು ಮುಚ್ಚಿಯೇ ಇರುತ್ತದೆ. ಆದ್ದರಿಂದ ಪ್ರತಿ ವಿಸ್ತರಣೆಯೂ ಸುದ್ದಿಯಾಗುತ್ತದೆ. 2020ರಲ್ಲಿ ಒಂದೇ ಬಾರಿಗೆ ಸುಮಾರು 23 ಲಕ್ಷ ಎಕರೆಯಲ್ಲಿ ಬೇಟೆ ಮತ್ತು ಮೀನುಗಾರಿಕೆಯ ಅವಕಾಶ ಹೆಚ್ಚಿಸಿದಾಗ ಪರ ವಿರೋಧಗಳೆರಡೂ ಜೋರಾಗಿದ್ದವು.

ಬೇಟೆಗಾರರ ವಾದಕ್ಕೆ ಹಣದ ಬಲವಿದೆ. ಬಾತುಕೋಳಿ ಹೊಡೆಯುವವರಲ್ಲಿ 16 ವರ್ಷ ತುಂಬಿದವರು ಪ್ರತಿ ವರ್ಷ ಕೊಳ್ಳಲೇಬೇಕಾದ 25 ಡಾಲರಿನ ಡಕ್ ಸ್ಟಾಂಪ್‌ನ ಹಣ, 1934ರಿಂದ ಬರುತ್ತಿರುವ ಪದ್ಧತಿಯಂತೆ, ಜೌಗು ನೆಲಗಳನ್ನು ಕೊಂಡು ಆಶ್ರಯತಾಣಗಳಿಗೆ ಸೇರಿಸಲು ಹೋಗುತ್ತದೆ. ಬಂದೂಕು, ಮದ್ದುಗುಂಡುಗಳ ಮೇಲಿನ ಶೇಕಡಾ 10, 11ರ ತೆರಿಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹಂಚಿಕೆಯಾಗುತ್ತದೆ. ನಾವು ಕೊಟ್ಟ ಹಣದಿಂದ ಬಂದ ಜಾಗಕ್ಕೆ ನಮ್ಮನ್ನೇ ಬಿಡುವುದಿಲ್ಲವೆಂದರೆ ಹೇಗೆ ಎಂಬುದು ಅವರ ಪ್ರಶ್ನೆ.

ಪ್ರವೇಶಕ್ಕಿಂತ ಗಂಭೀರವಾದ ಆತಂಕ ಸೀಸದ್ದು ಎಂಬುದು ನನ್ನ ಎಣಿಕೆ. ಗುಂಡೇಟು ತಿಂದ ಜಿಂಕೆಯ ಕರುಳನ್ನು ಬೇಟೆಗಾರ ಕಾಡಿನಲ್ಲೇ ಬಿಟ್ಟು ಬರುತ್ತಾನೆ. ಅದರಲ್ಲಿ ಚೂರುಚೂರಾದ ಸೀಸ ಹದ್ದುಗಳ ಹೊಟ್ಟೆ ಸೇರುತ್ತದೆ. 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧಕ್ಕೆ ಸಮೀಪದ ಹಕ್ಕಿಗಳಲ್ಲಿ ದೀರ್ಘಕಾಲದ ಸೀಸದ ವಿಷ ಕಂಡುಬಂದಿತ್ತು. ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚಿಲ್ಲರೆ ಗುಂಡನ್ನು 1991ರಲ್ಲೇ ದೇಶದಾದ್ಯಂತ ನಿಷೇಧಿಸಲಾಗಿದೆ. ಆಶ್ರಯತಾಣಗಳಲ್ಲಿ ಸೀಸದ ಮದ್ದುಗುಂಡನ್ನು ಪೂರ್ತಿ ಕೈಬಿಡಿಸುವ ಆದೇಶ ಮಾತ್ರ 2017ರ ಜನವರಿಯಲ್ಲಿ ಹೊರಟು, ಸರ್ಕಾರ ಬದಲಾದೊಡನೆ ಮಾರ್ಚ್‌ನಲ್ಲಿ ರದ್ದಾಯಿತು. ಒಂದೂವರೆ ತಿಂಗಳು ಬಾಳಿದ ಆದೇಶ!

ಪ್ರಶ್ನೆ: ಹೊರಗಿನ ಬೇಟೆಗಾರರನ್ನು ದೂರವಿಟ್ಟು ಸ್ಥಳೀಯರಿಗೆ ಮಾತ್ರ ಅವಕಾಶ ಕೊಟ್ಟರೆ ಜಗಳ ತೀರುವುದಿಲ್ಲವೇ? — ಶಿರಸಿಯ ಓದುಗರು

ಉತ್ತರ: ಅಲಾಸ್ಕಾದಲ್ಲಿ ಅದನ್ನು ಮಾಡಿದ್ದಾರೆ, ಜಗಳ ತೀರಿಲ್ಲ. 1980ರ ಕೇಂದ್ರ ಕಾಯ್ದೆಯೊಂದು ಅಲ್ಲಿನ ಕೇಂದ್ರದ ಜಮೀನುಗಳಲ್ಲಿ ಹೊಟ್ಟೆಪಾಡಿನ ಬೇಟೆಗೆ ಗ್ರಾಮೀಣ ನಿವಾಸಿಗಳಿಗೆ ಮೊದಲ ಹಕ್ಕು ಕೊಟ್ಟಿದೆ. ಆದರೆ ಮೀನು, ಮೃಗಗಳು ಎಲ್ಲ ಜನರ ಸಾಮಾನ್ಯ ಉಪಯೋಗಕ್ಕೆ ಮೀಸಲು ಎಂದು ರಾಜ್ಯದ ಸಂವಿಧಾನದಲ್ಲಿದೆ; ಹಾಗಾಗಿ ಹಳ್ಳಿಯವರಿಗೆ ಆದ್ಯತೆ ಕೊಡುವ ರಾಜ್ಯದ ಕಾನೂನು ಊರ್ಜಿತವಲ್ಲವೆಂದು ಅಲ್ಲಿನ ರಾಜ್ಯ ಸುಪ್ರೀಂ ಕೋರ್ಟ್ 1989ರಲ್ಲಿ ತೀರ್ಪಿತ್ತಿತು. ಅಂದಿನಿಂದ ಒಂದೇ ಪ್ರಾಣಿಗೆ, ಅದು ನಿಂತ ನೆಲವನ್ನು ಅನುಸರಿಸಿ, ಎರಡು ಕಾನೂನು.

ವಾಯವ್ಯ ಅಲಾಸ್ಕಾದ ಪಶ್ಚಿಮ ಆರ್ಕ್ಟಿಕ್ ಕ್ಯಾರಿಬೂ (ಹಿಮಸಾರಂಗ) ಹಿಂಡು 2003ರಲ್ಲಿ ಸುಮಾರು 4,90,000 ಇದ್ದದ್ದು 2021ರ ಎಣಿಕೆಯಲ್ಲಿ 1,88,000ಕ್ಕೆ, 2023ರಲ್ಲಿ 1,52,000ಕ್ಕೆ ಇಳಿಯಿತು. ಅಲ್ಲಿನ ಮೂಲನಿವಾಸಿಗಳಾದ ಇನ್ಯುಪಿಯಾಟರ ಹಳ್ಳಿಗಳಿಗೆ ಅದು ಚಳಿಗಾಲದ ಊಟ. ಸಣ್ಣ ವಿಮಾನಗಳಲ್ಲಿ ಬಂದಿಳಿಯುವ ಬೇಟೆಗಾರರು ಹಿಂಡಿನ ಮುಂಚೂಣಿಯನ್ನು ಬೆದರಿಸಿ ದಾರಿ ತಪ್ಪಿಸುತ್ತಾರೆಂಬುದು ಹಳ್ಳಿಗರ ಬಹುಕಾಲದ ದೂರು. 2022ರಲ್ಲಿ ಕೇಂದ್ರದ ಮಂಡಳಿ ನೋಟಾಕ್ ರಾಷ್ಟ್ರೀಯ ಸಂರಕ್ಷಿತ ಪ್ರದೇಶವೂ ಸೇರಿದಂತೆ ಅಲ್ಲಿನ ಕೆಲವು ಜಮೀನುಗಳನ್ನು ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಹೊರಗಿನ ಕ್ಯಾರಿಬೂ ಬೇಟೆಗಾರರಿಗೆ ಮುಚ್ಚಿತು. ಇಂಥ ನಿರ್ಬಂಧಗಳಿಂದ ಆಂಕರೇಜ್‌ನಂಥ ನಗರದಲ್ಲಿರುವವರಿಗೆ ತಮ್ಮದೇ ರಾಜ್ಯದಲ್ಲಿ ತಾವು ಹೊರಗಿನವರಾದಂತೆ ಅನಿಸುವುದು ಸಹಜ. ಓದು, ಕೆಲಸಕ್ಕಾಗಿ ಹಳ್ಳಿಯಿಂದ ನಗರಕ್ಕೆ ಹೋಗಿ ನೆಲೆಸಿದ ಮೂಲನಿವಾಸಿಗಳೂ ಈ ಹೊರಗಿನವರ ಪಟ್ಟಿಗೇ ಸೇರುತ್ತಾರೆ ಎಂಬ ತೊಡಕಿಗೆ ನನಗಂತೂ ಸುಲಭದ ಪರಿಹಾರ ಕಾಣುವುದಿಲ್ಲ.

ಪ್ರಶ್ನೆ: ಕೊಡಗಿನಲ್ಲಿ ನಮಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕಿದೆ, ಗದ್ದೆಗೆ ಇಳಿಯುವ ಹಂದಿಗಳೂ ಇವೆ. ಅಲ್ಲಿಯಂತೆ ಇಲ್ಲಿಯೂ ಸರ್ಕಾರಿ ಕಾಡನ್ನು ನಿಗದಿತ ದಿನಗಳಲ್ಲಿ ಶಿಕಾರಿಗೆ ಬಿಡಬಾರದೇಕೆ? — ವಿರಾಜಪೇಟೆಯ ಓದುಗರು

ಉತ್ತರ: ಕೋವಿಯ ಹಕ್ಕು ಬೇರೆ, ಶಿಕಾರಿಯ ಹಕ್ಕು ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವುದು ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ. ಅದನ್ನು 2029ರವರೆಗೆ ವಿಸ್ತರಿಸಲಾಗಿದ್ದು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಪೂಜೆಗೊಂಡ ಕೋವಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬೇಟೆ ನಿಷೇಧ ಅನ್ವಯಿಸುತ್ತದೆ. ಆ ಕಾಯ್ದೆಯ ಮೊದಲ ರೂಪದಲ್ಲಿ ಬೇಟೆಗೆ ಲೈಸೆನ್ಸ್ ಪಡೆಯುವ ಅವಕಾಶವಿತ್ತು, 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು.

ಹಂದಿಯ ಹಾವಳಿಗೆ ಈಗಿನ ಕಾನೂನಿನಲ್ಲಿ ಎರಡು ದಾರಿಗಳಿವೆ. ಬೆಳೆಗೆ ಅಪಾಯ ತರುವ ಹಂದಿಯನ್ನು ಕೊಲ್ಲಲು 11ನೆಯ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಅನುಮತಿ ನೀಡಬಹುದು. 62ನೆಯ ಕಲಮಿನಡಿ ಕೇಂದ್ರ ಸರ್ಕಾರವೇ ಒಂದು ಪ್ರದೇಶಕ್ಕೆ, ನಿರ್ದಿಷ್ಟ ಅವಧಿಗೆ ಹಂದಿಯನ್ನು ಉಪದ್ರವಕಾರಿ ಎಂದು ಘೋಷಿಸಬಹುದು. ಬಿಹಾರ, ಉತ್ತರಾಖಂಡಗಳಲ್ಲಿ ಕೆಲವು ವರ್ಷಗಳ ಹಿಂದೆ ಎರಡನೆಯದನ್ನೂ ಪ್ರಯೋಗಿಸಲಾಯಿತು. ಕೇರಳ 2022ರಲ್ಲಿ ಮೊದಲ ದಾರಿಯನ್ನು ಹಿಡಿದು ಪಂಚಾಯಿತಿ ಅಧ್ಯಕ್ಷರಿಗೇ ಅನುಮತಿ ನೀಡುವ ಅಧಿಕಾರ ಕೊಟ್ಟಿತು. ಇವೆಲ್ಲ ಬೆಳೆ ಉಳಿಸಿಕೊಳ್ಳಲು ಇರುವ ವಿನಾಯಿತಿಗಳೇ ಹೊರತು ಶಿಕಾರಿಯ ಪ್ರವೇಶವಲ್ಲ. ಅಮೆರಿಕದ ಪದ್ಧತಿಯನ್ನು ಹಾಗೆಯೇ ತರುವುದಾದರೆ ಪ್ರಾಣಿಗಳ ವಾರ್ಷಿಕ ಎಣಿಕೆ, ಪ್ರತಿ ಪ್ರಾಣಿಗೂ ಒಂದು ಚೀಟಿ, ಚೀಟಿಗೆ ಲಾಟರಿ, ಹೊಡೆದದ್ದರ ವರದಿ, ಇಷ್ಟನ್ನೂ ನೋಡಿಕೊಳ್ಳುವ ಸಿಬ್ಬಂದಿ, ಎಲ್ಲವೂ ಜೊತೆಯಲ್ಲೇ ಬರಬೇಕು. ಜನಸಾಂದ್ರತೆಯೂ ಕಾಡಿನಂಚಿನ ಹಾಡಿ, ತೋಟ, ಲೈನ್‌ಮನೆಗಳೂ ಈ ಮಟ್ಟದಲ್ಲಿರುವ ಜಿಲ್ಲೆಯಲ್ಲಿ ರೈಫಲ್ಲಿನ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಇಂಥ ನಿಯಮಗಳ ಬಗ್ಗೆ ಅಭಿಪ್ರಾಯ ಹೇಳಲು ನನಗೆ ಅವಕಾಶವಿದೆಯೇ? ಗೆಳೆಯರ ಜೊತೆ ಬೇಟೆಗೆ ಹೋಗಬಹುದೇ? — ಸಾಲ್ಟ್ ಲೇಕ್ ಸಿಟಿಯ ಓದುಗರು

ಉತ್ತರ: ಮೊದಲನೆಯದಕ್ಕೆ ಧಾರಾಳವಾಗಿ ಇದೆ. ಕೇಂದ್ರ ಸಂಸ್ಥೆಗಳು ಕರಡು ನಿಯಮವನ್ನು ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟಿಸಿ ಅಭಿಪ್ರಾಯಕ್ಕೆ ಸಾಮಾನ್ಯವಾಗಿ 30 ಅಥವಾ 60 ದಿನ ಕೊಡುತ್ತವೆ; ಬರೆಯುವವರು ಪ್ರಜೆಗಳೇ ಆಗಿರಬೇಕೆಂದಿಲ್ಲ. ಬೇಡ, ಬೇಕು ಎಂಬ ಒಂದು ಸಾಲಿಗಿಂತ, ಯಾವ ಕಣಿವೆ, ಯಾವ ರಸ್ತೆ, ಯಾವ ತಿಂಗಳು, ನೀವು ಕಂಡದ್ದೇನು ಎಂದು ಬರೆದರೆ ಅಧಿಕಾರಿಗಳು ಅದಕ್ಕೆ ಉತ್ತರ ಹೇಳಬೇಕಾದ ಸಂದರ್ಭ ಬರುತ್ತದೆ.

ಎರಡನೆಯದರಲ್ಲಿ ಎಚ್ಚರ ಬೇಕು. ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಅಥವಾ ಮದ್ದುಗುಂಡು ಹೊಂದುವುದನ್ನು ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಉಳ್ಳವರಿಗೆ ಅದೇ ಕಾನೂನಿನಲ್ಲಿ ವಿನಾಯಿತಿ ಇದೆ. ಗೆಳೆಯರ ಬಂದೂಕನ್ನು ಒಂದು ಗಳಿಗೆ ಕೈಯಲ್ಲಿ ಹಿಡಿಯುವುದಕ್ಕೂ ಮೊದಲು ಲೈಸೆನ್ಸ್ ಜೇಬಿನಲ್ಲಿರಲಿ, ಮತ್ತು ನಿಮ್ಮ ವಲಸೆ ವಕೀಲರ ಬಳಿ ಒಮ್ಮೆ ಕೇಳಿಕೊಳ್ಳಿ. ಬರಿಗೈಯಲ್ಲಿ ಅವರ ಜೊತೆ ನಡೆದುಹೋಗಲು ಬೇಟೆ ಲೈಸೆನ್ಸಿನ ಅಗತ್ಯವಿಲ್ಲ. ಬೇಟೆಯ ಕಾಲದಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಮಾತ್ರ ಮರೆಯಬೇಡಿ.